ಅಳತೆ ಬ್ಲೌಸ್ ಕೊಡುವುದು ನಿಲ್ಲಿಸಿದ ಮೇಲೆ

ಕೊಡಗಿನಲ್ಲಿ ಹೆಂಗಸರು ಹೇಗೆ ಬೇಕಾದರೂ ಬಟ್ಟೆ ಹಾಕಿಕೊಂಡು ಓಡಾಡಬಹುದು, ಕೇಳುವವರಿಲ್ಲ. ಮಳೆ ಅಂತ ಒಂದು ನೆಪ, ಚಳಿ ಅಂತ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ಬಿದ್ದರೂ ಕಾಣದ ಬಣ್ಣದ ಚೂಡಿದಾರ್, ಅದರ ಮೇಲೆ ಸ್ವೆಟರ್, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಮಳೆ ನಿಂತ ಮೇಲೂ ಅದೇ ಮುಂದುವರಿಯುತ್ತದೆ, ಯಾಕಂದ್ರೆ ಅಷ್ಟರಲ್ಲಿ ಚಳಿ ಬಂದಿರುತ್ತದೆ. ನಲವತ್ತೈದು ದಾಟುವ ಹೊತ್ತಿಗೆ ನಾನು ವರ್ಷಪೂರ್ತಿ ಮಳೆಗಾಲದ ಬಟ್ಟೆಯಲ್ಲೇ ಇರುತ್ತಿದ್ದೆ.

ಮನೆ ಮಡಿಕೇರಿ, ಕೆಲಸ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಲೆಕ್ಕ ಬರೆಯುವುದು. ಫ್ಯಾಷನ್ ಹುಚ್ಚು ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಚಿಕ್ಕವಳ ಥರ ಕಾಣಬೇಕು ಅಂತಲೂ ಅಲ್ಲ. ಆದರೆ ಕನ್ನಡಿಯಲ್ಲಿ ಕಾಣುವವಳು ಸದಾ ಸುಸ್ತಾದವಳ ಹಾಗೆ, ಹಾಸಿಗೆಯಿಂದ ಎದ್ದು ಹಾಗೇ ಬಂದವಳ ಹಾಗೆ ಕಾಣುತ್ತಿದ್ದಳು, ನನಗೇನೂ ಸುಸ್ತಿರಲಿಲ್ಲ. ಅದು ಕಿರಿಕಿರಿ.

ಸಂಜೆ ಬಸ್ಸು ಕಾಯುವಾಗ ಜನ ನೋಡುವುದು ಬಿಟ್ಟರೆ ಬೇರೇನು ಕೆಲಸ. ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಥರದ ಅಜ್ಜಿಯರು ನನ್ನ ಕಣ್ಣಿಗೆ ಬೀಳುತ್ತಿದ್ದರು. ಒಬ್ಬರು ಕೊಡಗಿನ ರೀತಿ ಸೀರೆ ಉಟ್ಟವರು. ನೆರಿಗೆ ಹಿಂದೆ, ಸೆರಗು ಎಡಗಂಕುಳ ಕೆಳಗಿಂದ ಬಂದು ಎದೆ ಮೇಲೆ ಬಿಗಿಯಾಗಿ ಹಾದು ಬಲಭುಜದ ಮೇಲೆ ಪಿನ್. (ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಹೋಯಿತು ಅಂತ ಕಥೆ. ನನಗನ್ನಿಸುವುದು, ಏರು ಹತ್ತುವಾಗ ನೆರಿಗೆ ಕಾಲಿಗೆ ಸಿಗದೆ ಇರುವುದೇ ಅದರ ದೊಡ್ಡ ಲಾಭ.) ಇನ್ನೊಬ್ಬರು ಬೈಲಕುಪ್ಪೆಯ ಟಿಬೆಟನ್ ಅಜ್ಜಿಯರು. 1961ರಿಂದ ಅಲ್ಲಿ ಅವರ ಕ್ಯಾಂಪ್ ಇದೆ, ಅಂಗಡಿ, ಆಸ್ಪತ್ರೆ ಅಂತ ಈ ಕಡೆ ಬರುತ್ತಿರುತ್ತಾರೆ. ಕಾಲಿನವರೆಗೆ ಇಳಿಯುವ ಚುಪಾ, ಅದನ್ನು ಸುತ್ತಿ ಸೊಂಟದಲ್ಲಿ ಕಟ್ಟಿರುತ್ತಾರೆ, ಮದುವೆಯಾದವರಾದರೆ ಮುಂದೆ ಪಟ್ಟೆ ಪಟ್ಟೆಯ ಏಪ್ರನ್. ಎಪ್ಪತ್ತು, ಎಂಬತ್ತು ವಯಸ್ಸು, ಮುಖ ತುಂಬಾ ಸುಕ್ಕು. ಆದರೂ ನೋಡಿದರೆ ಎಷ್ಟು ಚೆಂದ, ಎಷ್ಟು ಗತ್ತು! ಪಕ್ಕದಲ್ಲಿ ನಿಂತ ನನ್ನ ವಯಸ್ಸಿನವರು ನಾವೇ ಮಂಕು.

ಅವರನ್ನು ನೋಡಿ ನೋಡಿ ನನಗೆ ಒಂದು ವಿಷಯ ಖಾತ್ರಿಯಾಯಿತು. ತಕರಾರು ವಯಸ್ಸಿನದ್ದಲ್ಲ, ಬಟ್ಟೆ ಹಳೇ ಕಾಲದ್ದು ಅಂತಲೂ ಅಲ್ಲ. ಅವರ ಬಟ್ಟೆಗಿಂತ ಹಳೇ ಕಾಲದ್ದು ಬೇರೇನಿದೆ? ಅವರ ಬಟ್ಟೆ ಮೈಮೇಲೆ ಒಂದು ಕಡೆ ಗಟ್ಟಿಯಾಗಿ ನಿಂತಿರುತ್ತದೆ, ಭುಜದಲ್ಲೋ ಸೊಂಟದಲ್ಲೋ. ನಮ್ಮದು ಎಲ್ಲೂ ನಿಲ್ಲದೆ ದೊಗಳೆಯಾಗಿ ಜೋಲುತ್ತದೆ. ಆಮೇಲೆ ನಾನು ಮಾಡಿದ್ದೆಲ್ಲ ಇದೊಂದನ್ನು ಇಟ್ಟುಕೊಂಡೇ.

ಮೊದಲ ಕೆಲಸ ಬ್ಲೌಸು. ನಮ್ಮಲ್ಲಿ ಯಾರೂ ಟೈಲರ್ ಹತ್ತಿರ ಅಳತೆ ಕೊಡುವುದಿಲ್ಲ, ಅಳತೆ ಬ್ಲೌಸ್ ಕೊಡುತ್ತೇವೆ. ಮದುವೆಯಾದ ಹೊಸದರಲ್ಲಿ ಚೆನ್ನಾಗಿ ಕೂತಿದ್ದ ಒಂದು ಬ್ಲೌಸು, ಅದೇ ಇಪ್ಪತ್ತು ವರ್ಷ ಅಂಗಡಿಗೂ ಮನೆಗೂ ಓಡಾಡುತ್ತದೆ, ಬಿಗಿಯಾದಾಗ ಮಾತ್ರ “ಸೈಡಲ್ಲಿ ಒಂದಿಂಚು ಬಿಡಿ” ಅನ್ನುತ್ತೇವೆ. ಸೈಡಲ್ಲಿ ಬಿಟ್ಟರೆ ಸುತ್ತಳತೆ ಜಾಸ್ತಿಯಾಗುತ್ತದೆ ಅಷ್ಟೇ, ಬೇರೆ ಏನೂ ಸರಿಹೋಗುವುದಿಲ್ಲ. ಈ ಸಲ ಅಳತೆ ಬ್ಲೌಸ್ ಮನೆಯಲ್ಲೇ ಬಿಟ್ಟು ಹೋದೆ. ಟೈಲರ್ ಅಕ್ಕ “ಸ್ಯಾಂಪಲ್ ಎಲ್ಲಿ ಮೇಡಂ?” ಅಂದರು. “ಇಲ್ಲ, ಹೊಸದಾಗಿ ಅಳೆಯಿರಿ” ಅಂದೆ.

ಟೇಪ್ ಹಿಡಿದು ಅವರು ತೋರಿಸಿದ್ದು ನೋಡಿ. ಬ್ಲೌಸಿನ ಮುಂದೆ ಟಕ್ಸ್, ಅಂದರೆ ಒಳಕ್ಕೆ ಮಡಚಿ ಹೊಲಿದ ಚೂಪು ಮಡಿಕೆ, ಹಿಡಿದಿರುತ್ತಾರಲ್ಲ, ಅದರ ತುದಿ ಎದೆಯ ತುದಿಯ ಹತ್ತಿರ ಬರಬೇಕು. ಅದಕ್ಕೆ ಭುಜದಿಂದ ಕೆಳಗೆ ಅಳೆಯುತ್ತಾರೆ. ವಯಸ್ಸಾದಂತೆ ಆ ಜಾಗ ಕೆಳಗಿಳಿಯುತ್ತದೆ, ನನ್ನದು ಒಂದು ಇಂಚಿಗೂ ಜಾಸ್ತಿ ಇಳಿದಿತ್ತು. ಹಳೇ ಬ್ಲೌಸಿನಲ್ಲಿ ಟಕ್ಸ್ ಮೇಲೆಲ್ಲೋ ಇತ್ತು. ಹಾಗಾಗಿ ಮೇಲೆ ಬಟ್ಟೆ ಖಾಲಿ ಖಾಲಿ, ಕೆಳಗೆ ಎಳೆತ, ಕಂಕುಳ ಹತ್ತಿರ ಅಡ್ಡಡ್ಡ ಸುಕ್ಕು. ಆ ಸುಕ್ಕು ಮುಚ್ಚಲು ಸೆರಗು ಅಗಲವಾಗಿ ಬಿಟ್ಟುಕೊಳ್ಳುವುದು, ಅದಕ್ಕೆ ಇನ್ನಷ್ಟು ದಪ್ಪ ಕಾಣುವುದು. ಆಮೇಲೆ ಭುಜ. ಎಲುಬಿನ ತುದಿಯಿಂದ ಎಲುಬಿನ ತುದಿಗೆ ಅಳೆದು ತೋಳು ಅಲ್ಲಿಂದಲೇ ಶುರು ಮಾಡಿಸಿದೆ. ತೋಳಿನ ಉದ್ದ ಮೊಣಕೈ ಕೆಳಗೆ ಎರಡು ಬೆರಳು. ತೋಳು ರಟ್ಟೆಯ ದಪ್ಪ ಜಾಗದಲ್ಲೇ ಮುಗಿದರೆ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಒಳಗೆ ಮಾರ್ಜಿನ್ ಧಾರಾಳವಾಗಿ ಬಿಡಿಸಿಕೊಳ್ಳಿ, ಈ ವಯಸ್ಸಲ್ಲಿ ಮೈ ಒಂದೇ ಕಡೆ ನಿಲ್ಲುವುದಿಲ್ಲ.

ತೂಕ ಜಾಸ್ತಿಯಾಗದೆಯೂ ಸೊಂಟ ಯಾಕೆ ಬಿಗಿ ಅಂತ ತಲೆ ಕೆಡಿಸಿಕೊಳ್ಳುವವರಿಗೆ: ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಈಸ್ಟ್ರೋಜನ್ ಕಡಿಮೆಯಾದಂತೆ ತೊಡೆ, ಹಿಂಭಾಗದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆ ಸುತ್ತ ಸೇರಲು ಶುರುವಾಗುತ್ತದೆ. ತೂಕದ ಮಷೀನು ಅದೇ ನಂಬರ್ ತೋರಿಸಿದರೂ ಆಕಾರ ಬೇರೆ. ಆದ್ದರಿಂದ ಹಳೇ ಅಳತೆಗೆ ವಾಪಸ್ ಹೋಗಲು ಕಾಯುವುದು ಸುಮ್ನೆ. ಇಳಿದರೆ ಇಳಿಯಲಿ, ಅಲ್ಲಿವರೆಗೆ ಇವತ್ತಿನ ಮೈಗೆ ಬಟ್ಟೆ ಬೇಕಲ್ವಾ?

ಒಳಉಡುಪಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ನಾನು ಹೇಳಿಬಿಡುತ್ತೇನೆ. ಎಷ್ಟೇ ಒಳ್ಳೇ ಬ್ಲೌಸ್ ಹೊಲಿಸಿದರೂ ಒಳಗಿನ ಬ್ರಾ ಎಲಾಸ್ಟಿಕ್ ಹೋಗಿದ್ದರೆ ಎಲ್ಲಾ ದಂಡ. ಎದೆಯ ಕೆಳಗೆ ಒಂದು ಸುತ್ತಳತೆ, ಎದೆಯ ತುಂಬು ಭಾಗದ ಮೇಲೆ ಒಂದು. ವ್ಯತ್ಯಾಸ 1 ಇಂಚು ಇದ್ದರೆ ಎ ಕಪ್, 2 ಇದ್ದರೆ ಬಿ, 3 ಇದ್ದರೆ ಸಿ. ಹೊಸದು ಕೊಂಡಾಗ ಕೊನೆಯ, ಅಂದರೆ ಎಲ್ಲಕ್ಕಿಂತ ಸಡಿಲವಾದ ಹುಕ್ ಸಾಲಿಗೆ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಸಾಲಿಗೆ ಹೋಗಬಹುದು. ಹೊಸದರಲ್ಲೇ ಒಳಗಿನ ಸಾಲು ಬೇಕಾದರೆ ಅದು ದೊಡ್ಡದು ಅಂತ ಅರ್ಥ. ಮಳೆಗಾಲದಲ್ಲಿ ಒಲೆ ಮೇಲೆ, ಬಿಸಿನೀರಿನ ಹಂಡೆ ಹತ್ತಿರ ಒಣಗಿಸುತ್ತೇವಲ್ಲ, ಆ ಶಾಖಕ್ಕೆ ಎಲಾಸ್ಟಿಕ್ ಬೇಗ ಸಾಯುತ್ತದೆ. ನಮ್ಮೂರಲ್ಲಿ ಇದನ್ನು ಬೇರೆ ಊರಿನವರಿಗಿಂತ ಜಾಸ್ತಿ ಸಲ ಬದಲಾಯಿಸಬೇಕು.

ಕುರ್ತಾ ವಿಷಯ ಸ್ವಲ್ಪ ಕಷ್ಟ. ರೆಡಿಮೇಡ್ ಅಂಗಡಿಯಲ್ಲಿ ಹೊಟ್ಟೆಗೆ ಹೆದರಿ ಎಕ್ಸೆಲ್, ಡಬಲ್ ಎಕ್ಸೆಲ್ ತಗೊಳ್ಳುತ್ತೇವೆ. ಹೊಟ್ಟೆ ಹಿಡಿಸುತ್ತದೆ, ಆದರೆ ಭುಜದ ಹೊಲಿಗೆ ಭುಜ ದಾಟಿ ತೋಳಿಗೆ ಇಳಿದಿರುತ್ತದೆ. ಇಡೀ ಆಕಾರವನ್ನು ಹಾಳು ಮಾಡುವುದು ಇದೊಂದೇ ಅಂತ ನನ್ನ ಅಭಿಪ್ರಾಯ. ಈಗ ನಾನು ಭುಜ ನೋಡಿ ತಗೊಳ್ಳುತ್ತೇನೆ, ಹೊಟ್ಟೆ ಹತ್ತಿರ ಬಿಗಿಯಾದರೆ ಸೈಡ್ ಓಪನ್ ಎರಡು ಇಂಚು ಮೇಲಕ್ಕೆ ಬಿಚ್ಚಿಸುತ್ತೇನೆ. ಅದು ಚಿಲ್ಲರೆ ಕೆಲಸ. ಉಲ್ಟಾ, ಅಂದರೆ ಭುಜ ಚಿಕ್ಕದು ಮಾಡಿಸುವುದು, ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ದುಡ್ಡೂ ಜಾಸ್ತಿ, ಎಷ್ಟೋ ಟೈಲರ್‌ಗಳು ಒಪ್ಪುವುದೇ ಇಲ್ಲ. ಉದ್ದ ಮೀನಖಂಡದ ದಪ್ಪ ಜಾಗದಲ್ಲಿ ನಿಲ್ಲದ ಹಾಗೆ ಕತ್ತರಿಸಿದೆ. ಲೆಗ್ಗಿಂಗ್ಸ್ ಬಿಟ್ಟು ನೆಟ್ಟಗಿನ ಪ್ಯಾಂಟ್ ಹಾಕಿದೆ. ವೇಲನ್ನು ಎರಡೂ ಭುಜಕ್ಕೆ ವಿ ಆಕಾರದಲ್ಲಿ ಪಿನ್ ಮಾಡುವುದು ಬಿಟ್ಟೆ, ಅದು ಹೈಸ್ಕೂಲ್ ಯೂನಿಫಾರಂ. ಐವತ್ತರ ಹೆಂಗಸಿಗೆ ಯಾಕೆ?

ಇನ್ನು ಸ್ವೆಟರ್. ಕೊಡಗಿನ ಹೆಂಗಸರ ಚೆಂದವನ್ನೆಲ್ಲ ಮುಚ್ಚಿ ಹಾಕುವುದು ಈ ಸ್ವೆಟರೇ. ಒಳ್ಳೇ ಸೀರೆ ಉಟ್ಟು ಅದರ ಮೇಲೆ ಮೆರೂನ್ ಬಣ್ಣದ, ಗುಂಡಿ ಗುಂಡಿಗೂ ಬಾಯಿ ಬಿಡುವ, ಕುಂಡೆವರೆಗೆ ಇಳಿಯುವ ಸ್ವೆಟರ್! ಆದರೆ ಬಿಡುವ ಹಾಗೂ ಇಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಕುಶಾಲನಗರ ಅದಕ್ಕಿಂತ 300 ಮೀಟರಿನಷ್ಟು ಕೆಳಗೆ. ಬೆಳಿಗ್ಗೆ ಮಂಜಿನಲ್ಲಿ ನಡುಗುತ್ತಾ ಬಸ್ಸು ಹತ್ತಿದರೆ ಮೂವತ್ತು ಕಿಲೋಮೀಟರ್ ಆಚೆ ಇಳಿಯುವಾಗ ಬಿಸಿಲು. ಅದರ ಮೇಲೆ ಈ ವಯಸ್ಸಿನ ದಿಢೀರ್ ಸೆಕೆ ಬೇರೆ, ಕೂತಲ್ಲೇ ಕುತ್ತಿಗೆ, ಬೆನ್ನು ಬೆವರುತ್ತದೆ. ಒಂದೇ ದಪ್ಪ ಸ್ವೆಟರಿನಿಂದ ಇದನ್ನು ನಿಭಾಯಿಸಲು ಆಗುವುದಿಲ್ಲ. ಈಗ ಒಳಗೆ ತೆಳ್ಳಗಿನ ಹತ್ತಿ, ಅದರ ಮೇಲೆ ಸೊಂಟಕ್ಕೇ ಮುಗಿಯುವ ತೆಳು ಉಣ್ಣೆಯ ಕಾರ್ಡಿಗನ್, ಗುಂಡಿ ಹಾಕದೆ. ತೀರಾ ಚಳಿ ಇದ್ದರೆ ಮೇಲೊಂದು ಶಾಲು. ಬೈಲಕುಪ್ಪೆಯ ಅಂಗಡಿಯಲ್ಲಿ ಹಾಕಿ ನೋಡಿ, ಕೈ ಎತ್ತಿ ಇಳಿಸಿ, ಭುಜ ಸರಿ ಕೂತದ್ದನ್ನೇ ತಂದೆ. ಕಪಾಟಿನಲ್ಲಿದ್ದ ದಪ್ಪದ್ದೆಲ್ಲ ತೋಟದ ಕೆಲಸಕ್ಕೆ.

ಬಣ್ಣ ಆರಿಸುವ ನನ್ನ ಪದ್ಧತಿ ಸರಳ. ಬೆಳಿಗ್ಗೆ ಜಗಲಿಯಲ್ಲಿ ನಿಂತು ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು ಚಿಕ್ಕ ಕನ್ನಡಿಯಲ್ಲಿ ನೋಡುವುದು. ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಬೇಡಿ. ಮೋಡದ ಬೆಳಕಲ್ಲಿ ಬೂದು, ಮಣ್ಣು, ಬಿಸ್ಕೆಟ್ ಬಣ್ಣಗಳು ಮುಖದ ಕಳೆಯನ್ನೇ ಹೀರಿಬಿಡುತ್ತವೆ, ಮತ್ತು ನಮ್ಮಲ್ಲಿ ವರ್ಷದ ಅರ್ಧ ಮೋಡದ್ದೇ ಬೆಳಕು. ನನಗೆ ಕಡು ಹಸಿರು, ಕುಂಕುಮ ಕೆಂಪು, ನೀಲಿ ಹೊಂದಿತು. ಕಪ್ಪು ತೆಳ್ಳಗೆ ಕಾಣಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಣ್ಣಿನ ಕೆಳಗಿನ ಕಪ್ಪನ್ನು ಎತ್ತಿ ತೋರಿಸಿತು, ಪ್ಯಾಂಟಿಗೆ ಮಾತ್ರ ಇಟ್ಟುಕೊಂಡೆ.

ಸೀರೆಯಲ್ಲಿ ಗಂಜಿ ಹಾಕಿದ ಕಾಟನ್ ಉಬ್ಬುತ್ತದೆ, ಮಂಜಿನ ತೇವಕ್ಕೆ ಮಧ್ಯಾಹ್ನದೊಳಗೆ ಸೋತೂ ಹೋಗುತ್ತದೆ. ಮದುವೆ ಮನೆಗೆ ಮೈಸೂರು ಸಿಲ್ಕಿನ ಕ್ರೇಪ್‌ನಷ್ಟು ಒಳ್ಳೇದು ಇನ್ನೊಂದಿಲ್ಲ, ಮೈಗೆ ಒತ್ತಿ ಇಳಿಯುತ್ತದೆ. ನಮ್ಮ ಅತ್ತೆಯ ಒಂದು ಸೀರೆ ಕಪಾಟಿನ ತಳದಲ್ಲಿತ್ತು, ಬಣ್ಣ ಒಂಚೂರೂ ಹೋಗಿಲ್ಲ, ಹೊಸ ಬ್ಲೌಸ್ ಹೊಲಿಸಿದೆ ಅಷ್ಟೇ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಕಪಾಟಿನಲ್ಲಿ ಹಳೇ ಕಾಲದ ಬಲ್ಬ್ ಒಂದು, ಬಟ್ಟೆಗೆ ತಾಗದ ಹಾಗೆ ದೂರದಲ್ಲಿ. ರೇಷ್ಮೆಯನ್ನು ಆಗಾಗ ಬಿಚ್ಚಿ ಬೇರೆ ಕಡೆ ಮಡಚಿ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಬಿರಿಯುತ್ತದೆ. ಹೊಗೆ ವಾಸನೆ, ಮುಗ್ಗಲು ವಾಸನೆ ಇರುವ ಬಟ್ಟೆ ಎಷ್ಟು ಚೆನ್ನಾಗಿ ಹೊಲಿದಿದ್ದರೂ ಲೆಕ್ಕಕ್ಕಿಲ್ಲ.

ಚಪ್ಪಲಿ. ಹವಾಯಿ ಥರದ್ದು ನಡೆಯುವಾಗ ಹಿಮ್ಮಡಿಗೆ ಟಪಟಪ ಬಡಿದು ಕೆಸರನ್ನು ಪ್ಯಾಂಟಿನ ಹಿಂಭಾಗಕ್ಕೆಲ್ಲ ಚಿಮ್ಮಿಸುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿದರೆ ಆ ರಗಳೆ ಇಲ್ಲ. ಆಫೀಸಿನ ಮೇಜಿನ ಕೆಳಗೆ ಒಣಗಿದ ಒಂದು ಜೊತೆ ಶೂ ಸದಾ ಇರುತ್ತದೆ.

ಕೂದಲಿಗೆ ಮೆಹೆಂದಿ ಹಚ್ಚಿದರೆ ಬಿಳಿ ಎಲ್ಲಾ ಕಿತ್ತಳೆ ಬಣ್ಣ. ಕಡು ಕಪ್ಪು ಡೈ ಹಾಕಿದರೆ ಟೋಪಿ ಇಟ್ಟ ಹಾಗೆ, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಮೂರು ವಾರಕ್ಕೇ ಬೈತಲೆಯಲ್ಲಿ ಬಿಳಿ ಗೆರೆ. ನಾನು ಎರಡನ್ನೂ ಬಿಟ್ಟು ಭುಜದವರೆಗೆ ಕತ್ತರಿಸಿಕೊಂಡೆ. ಎಣ್ಣೆ ಶನಿವಾರ ರಾತ್ರಿ ಮಾತ್ರ. ಕನ್ನಡಕದ ಫ್ರೇಮು ಹುಬ್ಬಿನ ಗೆರೆಗೆ ಹೊಂದುವಂಥದ್ದು ತಗೊಂಡೆ, ಅದರಲ್ಲಿ ಹೆಚ್ಚು ಹೇಳುವುದೇನಿಲ್ಲ.

“ಏನಕ್ಕ, ಎಲ್ಲಿಗೆ ಹೊರಟದ್ದು?” ಅಂತ ಕೇಳುವವರು ಮೊದಲು ಬಹಳ ಇದ್ದರು. “ಕೆಲಸಕ್ಕೆ” ಅಂದರೆ ನಂಬುತ್ತಿರಲಿಲ್ಲ. ಮನೆಯಲ್ಲಿ ಮಗಳು ಅವಳ ಕ್ರಾಪ್ ಟಾಪ್ ಹಾಕಿ ನೋಡು ಅವ್ವ ಅಂತ ಹಿಂದೆ ಬಿದ್ದಳು, ಅದು ಬೇಡ. ಮಗಳ ಬಟ್ಟೆ ಹಾಕಿಕೊಂಡರೆ ವಯಸ್ಸು ಕಡಿಮೆಯಾಗುವುದಿಲ್ಲ, ಪಕ್ಕದಲ್ಲಿ ಅವಳು ನಿಂತರಂತೂ ಕೇಳುವುದೇ ಬೇಡ.

ಖರ್ಚು ಬಹುಪಾಲು ಟೈಲರ್‌ಗೇ ಹೋಯಿತು, ಹೊಸ ಬಟ್ಟೆಗೆ ಕಡಿಮೆ. ಇದ್ದದ್ದರಲ್ಲೇ ಭುಜ ಸರಿ ಇದ್ದವನ್ನು ಉಳಿಸಿ ಆಲ್ಟರೇಷನ್ ಮಾಡಿಸಿದೆ, ಉಳಿದದ್ದು ಕೊಟ್ಟುಬಿಟ್ಟೆ. ನೀವೂ ಅಳತೆ ಕೊಡುವುದಾದರೆ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೇ ಕೊಡಿ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತೆಂದರೆ ಟೈಲರ್ ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿರುತ್ತದೆ, ಆಗ ಯಾರಿಗೂ ಹೊಸದಾಗಿ ಟೇಪ್ ಹಿಡಿಯುವ ಪುರುಸೊತ್ತಿರುವುದಿಲ್ಲ, “ಅಳತೆ ಬ್ಲೌಸ್ ತನ್ನಿ” ಅಂತಲೇ ಹೇಳಿ ಕಳಿಸುತ್ತಾರೆ.