ಹಳೇ ಸೀರಿಯಲ್, ಹಳೇ ರೇಟಿಂಗ್: ನಾನು ಲೆಕ್ಕ ಹಿಡಿದ ಬಗೆ

ಅಮೆರಿಕದ ಹಳೇ ಮಧ್ಯಾಹ್ನದ ಸೀರಿಯಲ್‌ಗಳ ರೇಟಿಂಗ್ ಪಟ್ಟಿ ಮಾಡುವುದು ನನ್ನ ಹವ್ಯಾಸ. ನ್ಯೂಜೆರ್ಸಿಯ ಮನೆಯಲ್ಲಿ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ 1963ರ ಅಂಕಿ ಬಿಡಿಸಿಕೊಂಡು ಕೂರುತ್ತೇನೆ. "ಅದ್ರಿಂದ ಏನೇ ಸಿಗುತ್ತೆ ನಿಂಗೆ?" ಅಂತ ಮೈಸೂರಿನಿಂದ ಅಕ್ಕ ಕೇಳುತ್ತಾಳೆ. ಬೇಕಾದಷ್ಟು ಸಿಗುತ್ತದೆ. ಮಧ್ಯಾಹ್ನದ ಹೊತ್ತು ಯಾರು ಮನೆಯಲ್ಲಿ ಇರುತ್ತಿದ್ದರು, ಯಾವ ಕಥೆಗೆ ಕೆಲಸ ಬಿಟ್ಟು ಕೂರುತ್ತಿದ್ದರು, ಯಾವಾಗ ಎದ್ದು ಹೋದರು, ಎಲ್ಲವೂ ಆ ಅಂಕಿಗಳಲ್ಲಿ ಇದೆ. ಆದರೆ ಸುಮ್ನೆ ನೋಡಿದರೆ ಕಾಣುವುದಿಲ್ಲ. ಓದುವ ಕ್ರಮ ಗೊತ್ತಿರಬೇಕು. ನನಗೆ ಆ ಕ್ರಮ ಕೈಗೆ ಹತ್ತಿದ್ದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಇದಕ್ಕೆಲ್ಲ ಮೂಲ ಸಾಂತಾ ಬಾರ್ಬರಾ ಅನ್ನುವ ಅಮೆರಿಕದ ಸೀರಿಯಲ್. 90ರ ದಶಕದ ಶುರುವಿನಲ್ಲಿ ನಮ್ಮ ಬೀದಿಗೆ ಕೇಬಲ್ ಬಂತು. ಸ್ಟಾರ್ ಪ್ಲಸ್‌ನಲ್ಲಿ ಸಾಂತಾ ಬಾರ್ಬರಾ ಮತ್ತು ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್ ಬರುತ್ತಿದ್ದವು. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ, ಆದರೂ ಬಿಡದೆ ನೋಡಿದೆವು. ಇಡೀ ಅಮೆರಿಕ ಇದನ್ನೇ ನೋಡುತ್ತದೆ ಅಂತ ನಮ್ಮ ಬೀದಿಯ ಹುಡುಗಿಯರ ನಂಬಿಕೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಸಾಂತಾ ಬಾರ್ಬರಾ ಬಗ್ಗೆ ಕೇಳಿದೆ. ಅವರು ಅದನ್ನು ನೋಡಿಯೇ ಇರಲಿಲ್ಲ. ಆ ಹೊತ್ತಿಗೆ ಅವರು ಜನರಲ್ ಹಾಸ್ಪಿಟಲ್ ನೋಡುತ್ತಿದ್ದರಂತೆ. ಲೈಬ್ರರಿಯಲ್ಲಿ ಹುಡುಕಿದಾಗ ಗೊತ್ತಾಯಿತು, ಸಾಂತಾ ಬಾರ್ಬರಾ 1984ರಿಂದ 1993ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ನಡೆದಿದೆ. 1988, 89, 90 ಮೂರೂ ವರ್ಷ ಸತತವಾಗಿ ಅತ್ಯುತ್ತಮ ಸೀರಿಯಲ್ ಅಂತ ಡೇಟೈಮ್ ಎಮ್ಮಿ, ಅಂದರೆ ಹಗಲಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಪ್ರಶಸ್ತಿ, ಪಡೆದಿದೆ. ಆದರೆ ರೇಟಿಂಗ್‌ನಲ್ಲಿ ಮಾತ್ರ ಮೇಲಿನ ಸಾಲಿಗೆ ಬರಲೇ ಇಲ್ಲ. ಪ್ರಶಸ್ತಿ ಸಿಕ್ಕಿದೆ, ನಮ್ಮ ಮೈಸೂರಿನ ಹುಡುಗಿಯರನ್ನೂ ಹಿಡಿದು ಕೂರಿಸಿದೆ, ಸ್ವಂತ ಊರಲ್ಲಿ ಯಾಕೆ ಜನ ನೋಡಲಿಲ್ಲ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಮಾಡಿದ ಕೆಲಸ, ರೇಟಿಂಗ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಂಡಿದ್ದು. ಅಮೆರಿಕದಲ್ಲಿ ಟಿವಿ ನೋಡುವವರ ಲೆಕ್ಕ ಹಿಡಿಯುವ ನೀಲ್ಸನ್ ಕಂಪನಿಯ ಹಳೇ ಲೆಕ್ಕದಲ್ಲಿ ಎರಡು ಅಂಕಿ ಇರುತ್ತವೆ, ರೇಟಿಂಗ್ ಮತ್ತು ಶೇರ್. ಟಿವಿ ಇರುವ 100 ಮನೆ ತಗೊಳ್ಳಿ. ಮಧ್ಯಾಹ್ನ 3 ಗಂಟೆಗೆ ಅದರಲ್ಲಿ 30 ಮನೆಯಲ್ಲಿ ಟಿವಿ ಹಾಕಿದ್ದಾರೆ. ಅದರಲ್ಲಿ 10 ಮನೆಯವರು ಒಂದೇ ಸೀರಿಯಲ್ ನೋಡುತ್ತಿದ್ದಾರೆ. ಆಗ ಆ ಸೀರಿಯಲ್‌ನ ರೇಟಿಂಗ್ 10 (100 ಮನೆಯಲ್ಲಿ 10), ಶೇರ್ 33 (ಟಿವಿ ಹಾಕಿದ 30 ಮನೆಯಲ್ಲಿ 10, ಅಂದರೆ ಶೇಕಡಾ 33). ಮಧ್ಯಾಹ್ನದ ಸೀರಿಯಲ್‌ಗೆ ಈ ಎರಡನೇ ಅಂಕಿ ಬಹಳ ಮುಖ್ಯ. ಹಗಲು ಹೊತ್ತು ಟಿವಿ ಹಾಕುವ ಮನೆಗಳೇ ಕಡಿಮೆ ಅಲ್ವಾ? ರಾತ್ರಿಯ ಕಾರ್ಯಕ್ರಮದ ಪಕ್ಕ ಇಟ್ಟು ಹಗಲಿನ ಸೀರಿಯಲನ್ನು ಅಳೆದರೆ ಅದಕ್ಕೆ ಅನ್ಯಾಯ ಮಾಡಿದ ಹಾಗೆ.

ಇನ್ನೊಂದು ವಿಷಯ ಇದೆ. ಈ ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಲೆಕ್ಕ ಅದು. 1963-64ರ ಸೀಸನ್‌ನಲ್ಲಿ ಮೊದಲ ಸ್ಥಾನ ಸಿಬಿಎಸ್ ಚಾನೆಲ್‌ನ ಆ್ಯಸ್ ದಿ ವರ್ಲ್ಡ್ ಟರ್ನ್ಸ್‌ಗೆ, ರೇಟಿಂಗ್ 15.4. 1981-82ರಲ್ಲಿ ಮೊದಲ ಸ್ಥಾನ ಎಬಿಸಿ ಚಾನೆಲ್‌ನ ಜನರಲ್ ಹಾಸ್ಪಿಟಲ್‌ಗೆ, ರೇಟಿಂಗ್ 11.2. ಹಳೇ ಅಭಿಮಾನಿಗಳು ಮಾತಿಗೆ ಕೂತಾಗ "ನಮ್ಮ ಕಾಲದ 15 ಎಲ್ಲಿ, ನಿಮ್ಮ 11 ಎಲ್ಲಿ" ಅನ್ನುವ ಮಾತು ಬಂದೇ ಬರುತ್ತದೆ. ನಾನು ಪೆನ್ಸಿಲ್ ಹಿಡಿದು ಕೂತೆ. 1963-64ರಲ್ಲಿ ಅಮೆರಿಕದಲ್ಲಿ ಟಿವಿ ಇದ್ದ ಮನೆಗಳು ಸುಮಾರು 5.1 ಕೋಟಿ. ಅದರ 15.4 ಶೇಕಡಾ ಅಂದರೆ ಸುಮಾರು 79 ಲಕ್ಷ ಮನೆ. 1981-82ರಲ್ಲಿ ಟಿವಿ ಇದ್ದ ಮನೆಗಳು ಸುಮಾರು 8.15 ಕೋಟಿ. ಅದರ 11.2 ಶೇಕಡಾ ಅಂದರೆ ಸುಮಾರು 91 ಲಕ್ಷ. ರೇಟಿಂಗ್ 4 ಪಾಯಿಂಟ್ ಇಳಿದಿದೆ, ನೋಡುವ ಮನೆಗಳು 12 ಲಕ್ಷ ಏರಿವೆ! ಅವತ್ತಿನಿಂದ ನನ್ನ ಪಟ್ಟಿಯಲ್ಲಿ ರೇಟಿಂಗ್ ಪಕ್ಕದಲ್ಲಿ ಆ ವರ್ಷದ ಒಟ್ಟು ಟಿವಿ ಮನೆಗಳ ಕಾಲಂ ಇಲ್ಲದೆ ಒಂದು ಸಾಲನ್ನೂ ಬರೆದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಒಂದೇ ಒಂದು ಮಾತು ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಅಂಕಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ನಾನು ಮೂರು ಕಡೆ ಹುಡುಕುತ್ತೇನೆ. ಲೈಬ್ರರಿಯಲ್ಲಿ ಹಳೇ ಪತ್ರಿಕೆಗಳ ಮೈಕ್ರೋಫಿಲ್ಮ್, ಟಿವಿ ಉದ್ಯಮದ ವಾರಪತ್ರಿಕೆಗಳ ಹಳೇ ಸಂಚಿಕೆ, ಆಮೇಲೆ 1975ರಲ್ಲಿ ಶುರುವಾದ ಸೀರಿಯಲ್‌ಗಳದ್ದೇ ಪತ್ರಿಕೆ ಸೋಪ್ ಒಪೆರಾ ಡೈಜೆಸ್ಟ್. ಈ ಕೊನೆಯದು ಲೈಬ್ರರಿಯವರು ಹಳೇ ಪುಸ್ತಕ ಮಾರುವಾಗ ಕಟ್ಟುಗಟ್ಟಲೆ ಸಿಗುತ್ತದೆ, ಬಿಡಬೇಡಿ. ಒಂದು ವಾರದ ಅಂಕಿ ಮತ್ತು ಇಡೀ ಸೀಸನ್‌ನ ಸರಾಸರಿ ಬೇರೆ ಬೇರೆ. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ಪಟ್ಟಿ ಕೆಟ್ಟಿತು ಅಂತಲೇ ಲೆಕ್ಕ.

ನನ್ನ ಎಕ್ಸೆಲ್‌ನಲ್ಲಿ 'ಅವತ್ತು ಏನಾಯ್ತು' ಅಂತ ಒಂದು ಕಾಲಂ ಇದೆ. 1973ರ ಬೇಸಿಗೆಯಲ್ಲಿ ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ವಿಚಾರಣೆ ಹಗಲಿನಲ್ಲೇ ನೇರ ಪ್ರಸಾರವಾಯಿತು, ಸೀರಿಯಲ್‌ಗಳು ತಪ್ಪಿಹೋದವು. 1995ರಲ್ಲಿ ಫುಟ್‌ಬಾಲ್ ಆಟಗಾರನಾಗಿದ್ದ ಒ. ಜೆ. ಸಿಂಪ್ಸನ್ ಮೇಲಿನ ಕೊಲೆ ಕೇಸ್ ತಿಂಗಳುಗಟ್ಟಲೆ ಮಧ್ಯಾಹ್ನವನ್ನು ತಿಂದುಹಾಕಿತು. ಇಂಥ ಕಡೆ ಅಂಕಿ ಕುಸಿದಿದ್ದರೆ ಕಥೆಯನ್ನು ದೂರುವ ಮೊದಲು ಈ ಕಾಲಂ ನೋಡಬೇಕು.

ನನ್ನ ಪಟ್ಟಿ ನಿಂತಿರುವುದು ಎರಡು ಕಾಲಿನ ಮೇಲೆ: ಒಂದು ಅಂಕಿ, ಇನ್ನೊಂದು ನೆನಪು. ನಮ್ಮ ಊರಿನ ಹಿರಿಯರ ಕೇಂದ್ರಕ್ಕೆ ಹೋಗಿ ಅಜ್ಜಿಯಂದಿರ ಜೊತೆ ಕೂತು ಕೇಳಿ ಬರೆದುಕೊಳ್ಳುತ್ತೇನೆ. 'ನಿಮಗೆ ಯಾವ ಸೀರಿಯಲ್ ಇಷ್ಟ' ಅಂತ ನಾನು ಕೇಳುವುದಿಲ್ಲ. 'ಆ ಹೊತ್ತಿಗೆ ಕೈಯಲ್ಲಿ ಏನು ಕೆಲಸ ಇತ್ತು' ಅಂತ ಕೇಳುತ್ತೇನೆ. ಇಸ್ತ್ರಿ, ಮಗುವಿನ ಊಟ, ಫ್ಯಾಕ್ಟರಿ ಪಾಳಿ ಮುಗಿಸಿ ಬಂದ ಗಂಡ ಅಂತ ಶುರುವಾಗಿ ಕಥೆ ತಾನಾಗಿಯೇ ಬರುತ್ತದೆ. ಒಬ್ಬರು ಆ್ಯಸ್ ದಿ ವರ್ಲ್ಡ್ ಟರ್ನ್ಸ್ ಒಂದೂವರೆಗೆ ಅಂದರು, ಇನ್ನೊಬ್ಬರು ಹನ್ನೆರಡೂವರೆಗೆ ಅಂತ ಹಟ ಹಿಡಿದರು. ಕೇಳಿದರೆ ಮೊದಲನೆಯವರು ಇಲ್ಲಿಯವರೇ, ಎರಡನೆಯವರು ಶಿಕಾಗೋದಲ್ಲಿ ಬೆಳೆದವರು. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಇಬ್ಬರದ್ದೂ ಸರಿ. ಹಾಗಾಗಿ ಯಾವ ಊರಲ್ಲಿ ನೋಡಿದ್ದು ಅಂತ ಮೊದಲೇ ಬರೆದುಕೊಳ್ಳುತ್ತೇನೆ.

1963ರ ನವೆಂಬರ್ 22ರ ಬಗ್ಗೆ ಹೇಳದಿರುವ ಅಜ್ಜಿಯರೇ ಇಲ್ಲ. ಆ ಕಾಲಕ್ಕೆ ಆ್ಯಸ್ ದಿ ವರ್ಲ್ಡ್ ಟರ್ನ್ಸ್ ಸ್ಟುಡಿಯೋದಿಂದ ನೇರವಾಗಿ ಪ್ರಸಾರವಾಗುತ್ತಿತ್ತು, 1975ರವರೆಗೂ ಹಾಗೇ. ಅವತ್ತು ನ್ಯೂಯಾರ್ಕ್ ಸಮಯ ಮಧ್ಯಾಹ್ನ 1:40ಕ್ಕೆ, ನ್ಯಾನ್ಸಿ ಪಾತ್ರದ ಹೆಲೆನ್ ವ್ಯಾಗ್ನರ್ ದೃಶ್ಯ ನಡೆಯುತ್ತಿರುವಾಗ, ಸಿಬಿಎಸ್ ನ್ಯೂಸ್ ಫಲಕ ಬಂತು. ಅಧ್ಯಕ್ಷ ಕೆನಡಿ ಮೇಲೆ ಡಲ್ಲಾಸ್‌ನಲ್ಲಿ ಗುಂಡು ಹಾರಿದೆ ಅಂತ ಸುದ್ದಿ ಓದುವ ವಾಲ್ಟರ್ ಕ್ರಾಂಕೈಟ್ ದನಿ ಕೇಳಿಸಿತು. ಸ್ಟುಡಿಯೋದೊಳಗಿನ ನಟರಿಗೆ ಗೊತ್ತೇ ಇಲ್ಲ, ಅವರು ಅಭಿನಯಿಸುತ್ತಲೇ ಇದ್ದರು. 15.4 ರೇಟಿಂಗ್ ಇದ್ದ ಸೀಸನ್ ಅದೇ. ದೇಶದ ಲಕ್ಷಾಂತರ ಮನೆಗಳಿಗೆ ಆ ಸುದ್ದಿ ಮುಟ್ಟಿದ್ದು ಈ ಸೀರಿಯಲ್ ನಡುವೆಯೇ. ಆ ಒಂದು ಸಾಲು ನನ್ನ ಪಟ್ಟಿಯಲ್ಲಿ ಬರೀ ಅಂಕಿಯಾಗಿ ಉಳಿದಿಲ್ಲ.

ನಮ್ಮವರ ನೆನಪೂ ಇದೆ. ಕನ್ನಡ ಕೂಟದಲ್ಲಿ ಸಿಕ್ಕ ಒಬ್ಬ ಆಂಟಿ 70ರ ದಶಕದ ಕೊನೆಗೆ ಇಲ್ಲಿಗೆ ಬಂದವರು. ಗಂಡ ಕೆಲಸಕ್ಕೆ ಹೋದರೆ ಮನೆಯಲ್ಲಿ ಮಾತಿಗೆ ಒಂದು ಜೀವ ಇಲ್ಲ, ಓಡಿಸೋಕೆ ಕಾರು ಇಲ್ಲ. "ನೋಡಮ್ಮ, ನಂಗೆ ಇಂಗ್ಲಿಷ್ ಕಲಿಸಿದ್ದೇ ಮೂರು ಗಂಟೆ ಸೀರಿಯಲ್ಲು. ಲೂಕ್-ಲಾರಾ ಮದ್ವೆ ದಿನ ಅಕ್ಕಪಕ್ಕದವ್ರೆಲ್ಲ ನಮ್ಮನೇಲೇ ಸೇರಿದ್ರು. ನಾನು ಉಪ್ಪಿಟ್ಟು ಮಾಡಿದ್ದೆ" ಅಂದರು. ಲೂಕ್-ಲಾರಾ ಜನರಲ್ ಹಾಸ್ಪಿಟಲ್‌ನ ಜೋಡಿ, ಅವರ ಮದುವೆ ಬಂದಿದ್ದು 1981ರ ನವೆಂಬರ್ 16 ಮತ್ತು 17ರಂದು. ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ಕೂಡ ಅದರಲ್ಲಿ ಪಾತ್ರ ಮಾಡಿದ್ದರು. ಸುಮಾರು 3 ಕೋಟಿ ಜನ ನೋಡಿದರು ಅಂತ ದಾಖಲೆ. 91 ಲಕ್ಷ ಎಲ್ಲಿ, 3 ಕೋಟಿ ಎಲ್ಲಿ ಅಂತ ಗಾಬರಿ ಬೇಡ. ಮೊದಲನೆಯದು ಮನೆಗಳ ಲೆಕ್ಕ, ಅದೂ ಇಡೀ ಸೀಸನ್‌ನ ಸರಾಸರಿ. ಎರಡನೆಯದು ತಲೆ ಲೆಕ್ಕ, ಅದೂ ಮದುವೆಯ ಎಪಿಸೋಡ್‌ದು. ಆಂಟಿಯ ಮನೆಯಲ್ಲಿ ಸೇರಿದ್ದ ಅಷ್ಟೂ ಜನ ಮನೆ ಲೆಕ್ಕದಲ್ಲಿ ಒಂದೇ ಮನೆ. ಇವೆರಡನ್ನೂ ಪಟ್ಟಿಯಲ್ಲಿ ಬೇರೆ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ.

ಆ 11.2 ಕೂಡ ಪೂರ್ತಿ ಲೆಕ್ಕ ಅಲ್ಲ. ಆಗ ಕಾಲೇಜು ಹುಡುಗ ಹುಡುಗಿಯರು ಹಾಸ್ಟೆಲ್‌ನ ಟಿವಿ ಮುಂದೆ ಗುಂಪುಗುಂಪಾಗಿ ಕೂತು ಜನರಲ್ ಹಾಸ್ಪಿಟಲ್ ನೋಡುತ್ತಿದ್ದರು. ಮನೆ ಬಿಟ್ಟು ಹಾಸ್ಟೆಲ್‌ನಲ್ಲಿ ಇರುವ ವಿದ್ಯಾರ್ಥಿಗಳನ್ನು ನೀಲ್ಸನ್ ಲೆಕ್ಕಕ್ಕೆ ಸೇರಿಸಿದ್ದು 2007ರಲ್ಲಿ. ಅಂದರೆ ಆ ಸೀರಿಯಲ್‌ಗೆ ಹುಚ್ಚು ಹಿಡಿಸಿದ ವಯಸ್ಸಿನವರಲ್ಲೇ ಎಷ್ಟೋ ಜನ ಅಂಕಿಯಿಂದ ಹೊರಗೆ ಉಳಿದರು. ಮುಚ್ಚುವ ಹಂತಕ್ಕೆ ಬಂದಿದ್ದ ಸೀರಿಯಲನ್ನು 1978ರಲ್ಲಿ ನಿರ್ಮಾಪಕಿ ಗ್ಲೋರಿಯಾ ಮಾಂಟಿ ಕೈಗೆತ್ತಿಕೊಂಡು, ದೃಶ್ಯಗಳನ್ನು ಚಿಕ್ಕದು ಮಾಡಿ, ಕಥೆಗೆ ಓಟ ಕೊಟ್ಟು ಈ ಎತ್ತರಕ್ಕೆ ತಂದರು. ಅವರ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ಲೂಕ್ ಮತ್ತು ಲಾರಾ ಕಥೆಯನ್ನು ನಾನು ಪ್ರೇಮಕಥೆ ಅಂತ ಬರೆದುಕೊಂಡಿಲ್ಲ. 1979ರಲ್ಲಿ ಆ ಕಥೆ ಶುರುವಾಗಿದ್ದೇ ಲೂಕ್ ಲಾರಾಳ ಮೇಲೆ ಮಾಡಿದ ಅತ್ಯಾಚಾರದಿಂದ. ಅದನ್ನು ಪ್ರೇಮ ಅಂತ ತಿರುಗಿಸಿದ್ದು ತಪ್ಪು. ಜನ ಎಷ್ಟು ನೋಡಿದರು ಅನ್ನುವುದು ಆ ತಪ್ಪನ್ನು ಸರಿ ಮಾಡುವುದಿಲ್ಲ.

1987 ದಾಟುವಾಗ ಹುಷಾರಾಗಿರಬೇಕು. ಆ ವರ್ಷದಿಂದ ನೀಲ್ಸನ್ ದೇಶದ ಲೆಕ್ಕಕ್ಕೆ ಪೀಪಲ್ ಮೀಟರ್ ತಂದಿತು. ಅದಕ್ಕೂ ಮೊದಲು ಟಿವಿಗೆ ಜೋಡಿಸಿದ ಮೀಟರ್ ಒಂದು ಕಡೆ, ಜನ ಕೈಯಲ್ಲಿ ಬರೆಯುವ ಡೈರಿ ಒಂದು ಕಡೆ ಇತ್ತು. ಹೊಸ ಯಂತ್ರದಲ್ಲಿ ಮನೆಯವರು ಒಬ್ಬೊಬ್ಬರೂ ತಮ್ಮ ಬಟನ್ ಒತ್ತಬೇಕು. ಅಳೆಯುವ ಕೋಲೇ ಬದಲಾದ ಮೇಲೆ ಹಿಂದಿನ ಅಂಕಿ, ಮುಂದಿನ ಅಂಕಿ ನೇರ ಹೋಲಿಸಬಾರದು. ನನ್ನ ಪಟ್ಟಿಯಲ್ಲಿ ಅಲ್ಲೊಂದು ಕೆಂಪು ಗೆರೆ ಎಳೆದಿದ್ದೇನೆ. ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್ 1988-89ರಲ್ಲಿ 8.1 ರೇಟಿಂಗ್‌ನೊಂದಿಗೆ ಮೊದಲ ಸ್ಥಾನಕ್ಕೆ ಬಂದಿದ್ದು ಆ ಗೆರೆಯ ಈಚೆ. ಆಮೇಲೆ ಆ ಜಾಗವನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ.

ಈಗ ಸಾಂತಾ ಬಾರ್ಬರಾ ಪ್ರಶ್ನೆಗೆ ಬರೋಣ. ಉತ್ತರ ಸಿಕ್ಕಿದ್ದು ಹಳೇ ಪತ್ರಿಕೆಗಳ ಟಿವಿ ವೇಳಾಪಟ್ಟಿಯಲ್ಲಿ. ಅದನ್ನು ಹಾಕಿದ್ದು ಮಧ್ಯಾಹ್ನ 3 ಗಂಟೆಗೆ. ಅದೇ ಹೊತ್ತಿಗೆ ಎಬಿಸಿಯಲ್ಲಿ ಜನರಲ್ ಹಾಸ್ಪಿಟಲ್, ಸಿಬಿಎಸ್‌ನಲ್ಲಿ ಗೈಡಿಂಗ್ ಲೈಟ್. ಗೈಡಿಂಗ್ ಲೈಟ್ ಅಂದರೆ ಸಾಮಾನ್ಯ ಅಲ್ಲ. 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆದ ಕಥೆ. ತಾಯಿಯಿಂದ ಮಗಳಿಗೆ ಬಂದ ಅಭ್ಯಾಸ. ಅದನ್ನು ಬಿಡಿಸಿ ಹೊಸದಕ್ಕೆ ಕರೆತರುವುದು ಸುಲಭವೇ? ಬೋಲ್ಡ್ ಅಂಡ್ ಬ್ಯೂಟಿಫುಲ್ ಅದೃಷ್ಟ ನೋಡಿ. 1987ರಲ್ಲಿ ಶುರುವಾದಾಗ ಅದಕ್ಕೆ ಸಿಕ್ಕಿದ್ದು ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್ ಮುಗಿದ ತಕ್ಷಣದ ಜಾಗ. ಎರಡನ್ನೂ ಸೃಷ್ಟಿಸಿದ್ದು ವಿಲಿಯಂ ಬೆಲ್ ಮತ್ತು ಲೀ ಫಿಲಿಪ್ ಬೆಲ್ ದಂಪತಿ. ಮೊದಲನೆಯದು ನೋಡಿದವರು ಚಾನೆಲ್ ಬದಲಿಸದೆ ಎರಡನೆಯದನ್ನೂ ನೋಡಿದರು. ಮೈಸೂರಿನಲ್ಲಿ ನಾವು ಅಕ್ಕಪಕ್ಕ ಇಟ್ಟು ನೋಡಿದ ಎರಡು ಸೀರಿಯಲ್‌ಗಳ ಹಣೆಬರಹ ಇಲ್ಲಿ ಬೇರೆಯಾಗಿದ್ದಕ್ಕೆ ಗಡಿಯಾರವೇ ದೊಡ್ಡ ಕಾರಣ ಅನ್ನುವುದು ನನ್ನ ತೀರ್ಮಾನ. ಅದಕ್ಕೇ ಪ್ರತಿ ಸಾಲಿನಲ್ಲೂ ಎದುರಿಗೆ ಏನಿತ್ತು, ಮುಂಚೆ ಏನಿತ್ತು ಅಂತ ಎರಡು ಕಾಲಂ ಇಟ್ಟಿದ್ದೇನೆ.

ಸದ್ಯಕ್ಕೆ ಕೈಯಲ್ಲಿ ಇರುವುದು ಎನ್‌ಬಿಸಿಯ ಅನದರ್ ವರ್ಲ್ಡ್. 1975ರಲ್ಲಿ ಒಂದು ಗಂಟೆಗೆ ಹಿಗ್ಗಿದ ಮೊದಲ ಸೀರಿಯಲ್ ಅದು. 1979ರ ಮಾರ್ಚ್‌ನಿಂದ ದಿನಕ್ಕೆ 90 ನಿಮಿಷ ನಡೆಸಿದರು. ಜನರಲ್ ಹಾಸ್ಪಿಟಲ್ ಏರುತ್ತಿದ್ದದ್ದೂ ಅದೇ ಸಮಯಕ್ಕೆ. 1980ರ ಆಗಸ್ಟ್‌ನಲ್ಲಿ ಮತ್ತೆ ಒಂದು ಗಂಟೆಗೆ ಇಳಿಸಿದರು. ಈ ನಡುವಿನ ವಾರಗಳ ಅಂಕಿಯನ್ನು ಒಂದೊಂದಾಗಿ ಕೂರಿಸುತ್ತಿದ್ದೇನೆ. ಆ ಕಾಲದಲ್ಲಿ ಇಲ್ಲಿದ್ದು ಅದನ್ನು ನೋಡಿದ ಅಮ್ಮ, ಅತ್ತೆ, ದೊಡ್ಡಮ್ಮ ನಿಮ್ಮ ಮನೆಯಲ್ಲಿದ್ದರೆ ಕೇಳಿ: 90 ನಿಮಿಷವೂ ಕೂತು ನೋಡುತ್ತಿದ್ದರಾ, ಇಲ್ಲಾ ಮೂರು ಗಂಟೆ ಹೊಡೆದ ತಕ್ಷಣ ಎಬಿಸಿಗೆ ತಿರುಗಿಸುತ್ತಿದ್ದರಾ?