ದ್ರವ ಆಮ್ಲಜನಕದ ವೇಪರೈಸರ್: ಕೋಲಾರದ ಚಳಿಗೆ ನಾನು ಹಾಕಿದ ಲೆಕ್ಕ

ಕೋಲಾರದ ಆಸ್ಪತ್ರೆಯೊಂದಕ್ಕೆ ಗಂಟೆಗೆ 100 ಘನ ಮೀಟರ್ ಆಮ್ಲಜನಕ ಕೊಡುವ ವೇಪರೈಸರ್, ಅಂದರೆ ದ್ರವ ಆಮ್ಲಜನಕವನ್ನು ಅನಿಲವಾಗಿಸುವ ಯಂತ್ರ, ಬೇಕಿತ್ತು. ನಾನು ಮೊದಲು ವಿಚಾರಿಸಿದ್ದು ಡಿಸೆಂಬರ್ ಬೆಳಗಿನ ಜಾವದ ಚಳಿಯನ್ನು. ಈ ಯಂತ್ರಕ್ಕೆ ಕರೆಂಟೂ ಇಲ್ಲ, ಬಿಸಿನೀರೂ ಇಲ್ಲ. ಸುತ್ತಲಿನ ಗಾಳಿಯೇ ಸೌದೆ. ಮೇ ತಿಂಗಳ ಬಿಸಿಲು ನೋಡಿ ಸೈಜ್ ಮಾಡಿದರೆ ಕೆಟ್ಟೆವು. 15 ಡಿಗ್ರಿ ಹಿಡಿದೆ.

ಗಂಟೆಗೆ 143 ಕೆಜಿ ದ್ರವ. −183 ಡಿಗ್ರಿಯಲ್ಲಿ ಅದನ್ನು ಕುದಿಸಲು ಕೆಜಿಗೆ 213 ಕಿಲೋಜೂಲ್, ಆ ತಣ್ಣನೆ ಅನಿಲವನ್ನು 5 ಡಿಗ್ರಿಗೆ ತರಲು ಸುಮಾರು 173. ಒಟ್ಟು 15 ಕಿಲೋವ್ಯಾಟ್ ಚಿಲ್ಲರೆ. ಕುದಿಯುವ ಕಡೆ ಶಾಖ ಜಾಸ್ತಿ, ಹಾಗಾಗಿ ಫಿನ್ ಟ್ಯೂಬೂ (ಗಾಳಿಯ ಶಾಖ ಹೀರಲು ರೆಕ್ಕೆಗಳಿರುವ ಕೊಳವೆ) ಅಲ್ಲೇ ಜಾಸ್ತಿ ಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಉಲ್ಟಾ. ಕುದಿಯುವಾಗ ಗಾಳಿಗೂ ದ್ರವಕ್ಕೂ 198 ಡಿಗ್ರಿ ಅಂತರ, ಶಾಖ ನುಗ್ಗಿಕೊಂಡು ಬರುತ್ತದೆ. ಅನಿಲ ಬಿಸಿಯಾಗುತ್ತಾ ಹೋದಂತೆ ಅಂತರ ಕರಗಿ, ಹೊರಬಾಗಿಲಲ್ಲಿ ಉಳಿಯುವುದು ಬರೀ 10. ಹೀಗೆ ಕರಗುವ ಅಂತರಕ್ಕೆ ಹಾಕುವ ಲಾಗ್ ಸರಾಸರಿ 63 ಡಿಗ್ರಿ. ಫಿನ್ನಿನ ಮೇಲ್ಮೈ ಈ ಭಾಗಕ್ಕೆ ಕುದಿಯುವ ಭಾಗದ ಎರಡೂವರೆ ಪಟ್ಟು ಬೇಕಾಯಿತು! ಅದಕ್ಕೇ ಎರಡನ್ನೂ ಬೇರೆ ಬೇರೆ ಬಿಡಿಸಬೇಕು. (ಟ್ಯಾಂಕಿನ ಒತ್ತಡಕ್ಕೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ, ಇವು ವಾತಾವರಣದ ಒತ್ತಡದವು.)

ಇಷ್ಟೆಲ್ಲ ಒಣ ಫಿನ್ನಿನ ಮಾತು. ನಿಜವಾದ ವೈರಿ ಮಂಜುಗಡ್ಡೆ. ದ್ರವ ಒಳಬರುವ ಕೆಳತುದಿಯಲ್ಲಿ ಮೊದಲು ಬಿಳಿ ಪುಡಿಯ ಹಾಗೆ ಹಿಡಿಯುತ್ತದೆ, ಆಮೇಲೆ ಗಟ್ಟಿಯಾಗಿ ಫಿನ್ನುಗಳ ಸಂದು ಮುಚ್ಚುತ್ತದೆ. ಒಂದು ಬ್ಯಾಂಕ್ (ಕೊಳವೆಗಳ ಗುಂಪು) ಓಡುವಾಗ ಇನ್ನೊಂದು ಕರಗಲಿ ಅಂತ ಎರಡು ಬ್ಯಾಂಕ್ ಇಟ್ಟೆ. ಆದರೂ ಸೋನೆ ಮಳೆಯ ರಾತ್ರಿಗಳಲ್ಲಿ ಪೂರ್ತಿ ಕರಗುವುದಿಲ್ಲ, ಅದಕ್ಕೆಂದೇ ಮೇಲ್ಮೈಯನ್ನು ಧಾರಾಳವಾಗಿ ಕೊಟ್ಟೆ. ತಣ್ಣನೆ ಗಾಳಿ ಭಾರ, ಕೆಳಗಿಳಿಯುತ್ತದೆ. ಅದು ಹರಿದು ಹೋಗಲು ಕಾಲುಗಳು ಎತ್ತರ ಇರಬೇಕು. ಜಾಗ ಉಳಿಸಲು ಮೂರು ಕಡೆ ಗೋಡೆ ಕಟ್ಟುತ್ತೇವೆ ಅಂದರು, ಒಪ್ಪಲಿಲ್ಲ.

ಮೊದಲ ಸಲ ದ್ರವ ಬಿಟ್ಟಾಗ ಅಲ್ಯುಮಿನಿಯಂ ಟಿಕ್ ಟಿಕ್ ಅನ್ನುತ್ತದೆ. ಮೀಟರಿಗೆ ಸುಮಾರು 4 ಮಿಲಿಮೀಟರ್ ಕುಗ್ಗುತ್ತದೆ, ಕ್ಲಾಂಪ್ ಬಿಗಿದಿದ್ದರೆ ವೆಲ್ಡ್ ಸೀಳುತ್ತದೆ. ಎರಡು ವಾಲ್ವ್ ನಡುವೆ ಸಿಕ್ಕಿಬಿದ್ದ ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಅನಿಲ ಆಗುತ್ತದೆ. ಅಂಥ ಪ್ರತಿ ಪೈಪ್ ತುಂಡಿಗೂ ಸೇಫ್ಟಿ ವಾಲ್ವ್ ಬೇಕೇ ಬೇಕು.

ಇನ್ನುಳಿದದ್ದು ಹೊರಬಾಗಿಲ ಉಷ್ಣತೆ. ಕಾರ್ಖಾನೆಯಾದರೆ ಅನಿಲ ತೀರಾ ತಣ್ಣಗಾದ ಕೂಡಲೇ ಲೈನ್ ಮುಚ್ಚುವ ವಾಲ್ವ್ ಹಾಕುತ್ತೇನೆ. ಐಸಿಯುಗೆ ಹೋಗುವ ಆಮ್ಲಜನಕವನ್ನು ಹಾಗೆ ನಿಲ್ಲಿಸಲಾಗದು. ಅಲ್ಲಿ ಸೆನ್ಸರ್ ಮೊದಲು ಬ್ಯಾಂಕ್ ಬದಲಿಸಿ, ಜೊತೆಗೇ ಅಲಾರಂ ಕೂಗುವಂತೆ ಮಾಡಿದೆ.