ಗ್ರಂಥಾಲಯದ ನೆಲಕ್ಕೆ ಟೇಪು ಅಂಟಿಸಿ ಕಲಿತದ್ದು

ವಿನ್ಯಾಸ ಕೋರ್ಸಿನ ಕೊನೆಯ ಸೆಮಿಸ್ಟರ್‌ನಲ್ಲಿ ನಮ್ಮ ಐದು ಜನರ ತಂಡ ಕ್ಯಾಂಪಸ್ ಗ್ರಂಥಾಲಯದ ಓದುವ ಹಾಲ್ ಅನ್ನು ಹೊಸದಾಗಿ ಯೋಚಿಸುವ ಕೆಲಸ ವಹಿಸಿಕೊಂಡಿತು. ಕೂರಲು ಜಾಗ ಸಾಲದು ಎಂಬ ದೂರು ದಿನಾ ಬರುತ್ತಿತ್ತು. ಮೊದಲ ವಾರವೇ ನಾವು ಕಂಪ್ಯೂಟರಿನಲ್ಲಿ ಚಂದದ ಚಿತ್ರಗಳನ್ನು ಮಾಡಿಕೊಂಡು ಹೋದೆವು. ಕಪಾಟುಗಳನ್ನೆಲ್ಲ ಒಂದು ಬದಿಗೆ ಒತ್ತಿ, ನಡುವೆ ಬಯಲು ಬಿಟ್ಟಿದ್ದೆವು. ಗ್ರಂಥಪಾಲಕರು ನೋಡಿ ಕೇಳಿದ್ದು ಒಂದೇ ಮಾತು: "ಇಷ್ಟು ಪುಸ್ತಕ ಒಂದೇ ಕಡೆ ಬಂದರೆ ನೆಲ ತಡೆಯುತ್ತಾ?"

ಯಾರ ಬಳಿಯೂ ಉತ್ತರವಿರಲಿಲ್ಲ. ಕಟ್ಟಡದ ಎಂಜಿನಿಯರ್ ಬಳಿ ಓಡಿದೆವು. ಉದಾಹರಣೆಗೆ ಅವರು ಅಮೆರಿಕದ ಕಟ್ಟಡ ನಿಯಮವನ್ನು ತೋರಿಸಿದರು: ಓದುವ ಕೋಣೆಯ ನೆಲಕ್ಕೆ ಚದರ ಅಡಿಗೆ 60 ಪೌಂಡ್ ಭಾರ ಲೆಕ್ಕ ಹಿಡಿದರೆ, ಪುಸ್ತಕದ ಕಪಾಟುಗಳಿರುವ ನೆಲಕ್ಕೆ 150. ಆ ಚಿತ್ರಗಳನ್ನು ಅಲ್ಲಿಗೇ ಬಿಟ್ಟೆವು.

ಆಮೇಲೆ ಎರಡು ವಾರ ಎಣಿಸಿದೆವು, ಅಷ್ಟೇ. ಹಾಲ್‌ನ ನಕ್ಷೆಯ ಜೆರಾಕ್ಸ್ ಹಿಡಿದು ಗಂಟೆಗೊಂದು ಸುತ್ತು. ಯಾವ ಕುರ್ಚಿಯಲ್ಲಿ ಮನುಷ್ಯರು, ಯಾವುದರಲ್ಲಿ ಬರೀ ಬ್ಯಾಗು, ಯಾರ ಚಾರ್ಜರ್ ಎಲ್ಲಿಂದ ಎಲ್ಲಿಗೆ ಎಳೆದಿದೆ ಎಂದು ಗುರುತು ಹಾಕಿದೆವು. ಬಾಗಿಲಿನಿಂದಲೇ ಹಿಂತಿರುಗುವವರು "ಫುಲ್ ಆಗಿದೆ" ಎನ್ನುತ್ತಿದ್ದ ಹೊತ್ತಿನಲ್ಲೇ ನಮ್ಮ ಹಾಳೆಯಲ್ಲಿ ಖಾಲಿ ಕುರ್ಚಿಗಳು ಬೇಕಾದಷ್ಟಿದ್ದವು. ಆರು ಜನರ ಮೇಜಿನ ಎರಡು ಎದುರುಬದುರು ಮೂಲೆಗಳಲ್ಲಿ ಇಬ್ಬರು ಕೂತರೆ ಸಾಕು, ಮೂರನೆಯವರು ಹತ್ತಿರ ಸುಳಿಯುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿದ ಜಾಗ, ಕಿಟಕಿಯ ಪಕ್ಕ, ಪ್ಲಗ್ ಇರುವ ಕಂಬದ ಬುಡ ಮೊದಲು ತುಂಬುತ್ತಿದ್ದವು. ಕೊರತೆ ಇದ್ದದ್ದು ಕುರ್ಚಿಗಲ್ಲ. ಇದು ನನ್ನ ಜಾಗ ಅನ್ನಿಸುವ ಗಡಿಗೆ.

ಒಂದು ಬೆಳಿಗ್ಗೆ ಪುಸ್ತಕಗಳನ್ನು ಮರಳಿ ಕಪಾಟಿಗೆ ಸೇರಿಸುವ ಸಹಾಯಕಿಯ ಜೊತೆ ನಡೆದೆ. ತುಂಬಿದ ಟ್ರಾಲಿ ತಿರುಗಿಸಲು ಜಾಗವಿಲ್ಲದೆ ಅವರು ಸಾಲಿನ ಕೊನೆಯವರೆಗೆ ಹೋಗಿ ಸುತ್ತು ಹಾಕಿ ಬರುತ್ತಿದ್ದರು. ಗಾಲಿಕುರ್ಚಿಯಲ್ಲಿ ಬರುವವರಿಗೂ ಅದೇ ಪಾಡು. ನೇರ ಹೋಗಲು 90 ಸೆಂಟಿಮೀಟರ್ ಸಾಕು, ಪೂರ್ತಿ ತಿರುಗಲು ಸುಮಾರು 150 ಬೇಕು. ಕಪಾಟು ಸಾಲುಗಳ ಕೊನೆಯಲ್ಲಿ ಅಷ್ಟು ಬಿಡಲೇಬೇಕೆಂದು ಆವತ್ತೇ ಬರೆದಿಟ್ಟೆ.

ಮುಂದಿನ ರಜೆಯ ದಿನ ಮಾಸ್ಕಿಂಗ್ ಟೇಪಿನಿಂದ ಹೊಸ ನಕ್ಷೆಯನ್ನು ನೆಲದ ಮೇಲೆಯೇ ನಿಜ ಅಳತೆಯಲ್ಲಿ ಎಳೆದೆವು. ಮೇಜುಗಳ ಮೇಲೆ ಮೊಣಕೈಯಿಂದ ಬೆರಳ ತುದಿಯಷ್ಟು ಎತ್ತರದ ರಟ್ಟಿನ ಅಡ್ಡಗೋಡೆ ನಿಲ್ಲಿಸಿದೆವು. ವಾರವಿಡೀ ಹಾಗೇ ಬಿಟ್ಟು ಮತ್ತೆ ಎಣಿಸಿದಾಗ ನಡುವಿನ ಕುರ್ಚಿಗಳಲ್ಲಿ ಜನ ಕೂತಿದ್ದರು! ಆದರೆ ಕೆಲವು ಕಡೆ ರಟ್ಟಿನ ನೆರಳು ಪುಟದ ಮೇಲೆ ಬೀಳುತ್ತಿತ್ತು. ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಓದುವ ಮೇಜಿಗೆ ಯುರೋಪಿನ ಮಾನದಂಡ ಕೇಳುವುದು 500 ಲಕ್ಸ್; ಬೆಳಕಿನ ಮೀಟರ್ ಇಟ್ಟರೆ ಅದರ ಅರ್ಧವೂ ಇರಲಿಲ್ಲ. ಅಲ್ಲಿ ರಟ್ಟನ್ನು ಕತ್ತರಿಸಿ ಗಿಡ್ಡ ಮಾಡಿದೆವು.

ನಮ್ಮ ದೊಡ್ಡ ತಪ್ಪು ಗುಂಪು ಚರ್ಚೆಯ ಮೂಲೆ. ಹಾಲ್‌ನ ತುದಿಯಲ್ಲಿ ಆಳೆತ್ತರದ ಪರದೆ ಹಾಕಿದರೆ ಸದ್ದು ನಿಲ್ಲುತ್ತದೆಂದು ನಂಬಿದ್ದೆವು. ಮಾತು ಪರದೆಯ ಮೇಲಿಂದ ಹಾದು ಸೂರಿಗೆ ಬಡಿದು ಆಚೆ ಇಳಿಯಿತು. ಎರಡನೇ ದಿನಕ್ಕೇ ಸುತ್ತಲಿನ ಮೇಜುಗಳು ಖಾಲಿ. ಓದುಗರ ನೆಮ್ಮದಿ ಕೆಡಿಸಿದೆವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು. "ಪುಸ್ತಕ ವಾಪಸ್ ಕೊಡುವ ಕೌಂಟರ್ ಹತ್ತಿರ ಹೇಗೂ ಗದ್ದಲ ಇರುತ್ತೆ, ಅಲ್ಲಿಗೆ ಹಾಕಿ" ಅಂದವರು ಅದೇ ಸಹಾಯಕಿ. ಬಾಗಿಲಿನಿಂದ ಒಳಗೆ ಹೋದಂತೆ ಸದ್ದು ಕಡಿಮೆಯಾಗುತ್ತ ಹೋಗಬೇಕು ಎಂಬುದನ್ನೇ ಅಂತಿಮ ನಕ್ಷೆಯ ಆಧಾರವಾಗಿಟ್ಟೆವು.

ನಡುವಿನ ಮೇಜುಗಳಿಗೆ ಪ್ಲಗ್ ಪಾಯಿಂಟ್ ಇನ್ನೂ ಬಂದಿಲ್ಲ, ನೆಲದಡಿ ವೈರಿಂಗ್ ಬಾಕಿಯಿದೆ. ಮರದ ಅಡ್ಡಗೋಡೆ ಬರುವವರೆಗೆ ರಟ್ಟಿನವನ್ನೇ ಉಳಿಸಿಕೊಂಡಿದ್ದಾರೆ. ಹೋದ ವಾರ ನೋಡಿದಾಗ ಸವೆದ ಅಂಚುಗಳಿಗೆ ಯಾರೋ ಪುಸ್ತಕದ ಬೆನ್ನಿಗೆ ಹಚ್ಚುವ ಬಟ್ಟೆಯ ಟೇಪು ಹಚ್ಚಿದ್ದರು.